ತಾಟು ಯಾರು ತೊಳಿತೀರಿ

ಖಾನಾವಳಿ ಶಟರ್ ಅರ್ಧಕ್ಕ ಇಳಿಸಿ,
ಉಳದ ಝುಣಕಾ ಬೋಗುಣಿಗೆ ತಗದು,
ಮ್ಯಾಲಿನ ಖೋಲಿ ಏರೂದ್ರಾಗ ಹತ್ತೂವರಿ.
ಬಾಗಲಕೋಟಿ ನವನಗರ. ಯಾವ ಸೆಕ್ಟರ್ ಅಂತ ಕೇಳಬ್ಯಾಡ್ರಿ,
ಹೊಸಬರಿಗೆ ಎಲ್ಲಾ ಓಣಿನೂ ಒಂದ ಕಾಣ್ತಾವ.
ಟೀವಿ ನಮ್ಮ ಕಾಕಾಂದು, ನಡಬರಕ ಒಂದು ಹಸರ ಗೆರಿ.
ಆಟದ ಪೆಟಗಿ ದಾವಲಂದು, ಹುಬ್ಬಳ್ಯಾಗ ಯಾರೋ ಆಡಿ ಬಿಟ್ಟದ್ದು.
ರಿಮೋಟ್ ನಾಕು. ಒಂದಕ್ಕ
ತಾನ ಎಡಕ್ಕ ಎಳಿಯೂ ರೋಗ.
ಅದು ತಪ್ಪದ ಗುರುಪಾದನ ಪಾಲಿಗೆ.

ದಿನಾ ಮುನ್ನೂರು ರೊಟ್ಟಿ ಬಡಿಯೂ ನಾನು
ಇಲ್ಲೆ ಒಂದು ಉಳ್ಳಾಗಡ್ಡಿ ಹೆಚ್ಚಾಕ ತಿಣಕ್ತೀನಿ.
ಗುಂಡಿ ಒತ್ತೂದು. ಹೆಬ್ಬಟ್ಟು ನೋಯತೈತಿ,
ಕಣ್ಣೀರು ಮಾತ್ರ ಬರೂದಿಲ್ಲ.
ಉಣ್ಣವ್ರ ಮಾರಿ ಕಾಣೂದಿಲ್ಲ,
ಮ್ಯಾಲೆ ಒಂದು ಚೀಟಿ, ಹಸರ, ಹಳದಿ, ಕೆಂಪ.
ಕೆಂಪಾದ್ರ ಉಣ್ಣವ ಎದ್ದು ಹೋದ ಅಂತ ತಿಳ್ಕೊಬೇಕು.
ನಮ್ಮ ಗಿರಾಕಿ ಹಂಗಲ್ಲ. ಎದ್ದು ಹೋಗೂದಿಲ್ಲ,
"ಅಕ್ಕಾರ, ರೊಟ್ಟಿ ಬೀಗರ ಊರಿಂದ ಬರಬೇಕೇನ್ರಿ?" ಅಂತಾನ,
ಅಷ್ಟೊತ್ತಿಗೆ ಶೇಂಗಾ ಚಟ್ನಿ ಬಟ್ಟಲಾ ಖಾಲಿ ಮಾಡಿರ್ತಾನ.

ನೀಲಾಂಬಿಕಾ ಬಸ್‌ಸ್ಟ್ಯಾಂಡ್ ಮೈಕಿನಾಕಿ.
ಹಗಲೆಲ್ಲಾ ಇಳಕಲ್, ಗುಳೇದಗುಡ್ಡ, ಮುಧೋಳ ಒದರಿದ ಗಂಟಲಾ
ರಾತ್ರಿ ನಮ್ಮ ಮ್ಯಾಲೆ ತಿರಗತೈತಿ:
"ಎರಡು ಸೂಪು, ಒಂದು ಅನ್ನ, ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿವೆ!"
ಅನ್ನಾ ಯಾರೂ ಇಟ್ಟಿಲ್ಲ.
ಇಟ್ಟಾರ. ಹೊತ್ತೈತಿ.
ಬೆಂಕಿ ಬಾಜೂ ಒಲಿಗೆ ಜಿಗದೈತಿ.
ಆರಸೂ ಸಿಲಿಂಡರ್ ಎಲ್ಲೈತ್ರೋ?
ಗುರುಪಾದನ ಕೈಯಾಗ.
ಗುರುಪಾದ ಎಲ್ಲಿ?
ಎಡಕ್ಕ.
ನೀರಾಗ ಬಿದ್ದ, ಸಿಲಿಂಡರ್ ಸಮೇತ.

ಮೂರನೇ ಸಲ ಸೋತ ಮ್ಯಾಲೆ ಒಂದು ತಿಳೀತು:
ತೊಳಿಯೂ ಮೋರಿ ಎಡಗಡೆ ಗ್ವಾಡಿಗೈತಿ.
ಅವನ್ನ ಅಲ್ಲೆ ಬಿಟ್ವಿ.
ರಿಮೋಟ್ ಎಳಿತೈತಿ, ಗ್ವಾಡಿ ತಡಿತೈತಿ,
ತಾಟು ತೊಳಿತಾನ, ತೊಳಿತಾನ, ತೊಳಿತಾನ.
ಸಿಮೆಂಟ್ ಫ್ಯಾಕ್ಟರಿ ಕಾಟಾದಾಗ ಲಾರಿ ತೂಗೂ ಮನಶ್ಯಾ,
ಮನ್ಯಾಗ ತಾ ಕುಡದ ಚಾದ ಕಪ್ಪು ಎತ್ತಿಟ್ಟವನಲ್ಲ,
ಇಲ್ಲೆ ನಾಲಗಿ ಹಲ್ಲಾಗ ಹಿಡದು
"ತಾಟು ರೆಡಿ" ಅಂತಾನ, ಲಾರಿಗೆ ಪಾಸ್ ಕೊಟ್ಟಂಗ.

ಆಮ್ಯಾಲೆ ಆ ಹಂತ ಬಂತು. ನೆಲಾ ನಡಕ ಸೀಳತೈತಿ,
ಅರ್ಧ ಅಡಗಿಮನಿ ಒಲಿ ಕಟಗೊಂಡು
ನೀರಿನ ಮ್ಯಾಲೆ ಸಾವಕಾಶ ದೂರ ಹೋಗತೈತಿ.
ದಾವಲ್ ಟೀವಿಯಿಂದ ಕಣ್ಣು ತಗೀದ ಅಂದ:
"ನಮ್ಮ ದಾದಿ ಒಲಿನೂ ಹಿನ್ನೀರಾಗೈತಿ. ಹಳೇ ಊರಾಗ."
ಜಿಗಿಯಾಕ ಟೈಮ್ ಸಿಗಲಿಲ್ಲೇನು, ನಾ ಕೇಳಿದೆ.
"ಸಿಕ್ಕಿತ್ತು. ನೋಟೀಸ್ ಮ್ಯಾಲೆ ನೋಟೀಸ್.
ಕಡೀ ದಿನಾನೂ ಆಕಿ ಅದರ ಮ್ಯಾಲೆ ಚಾ ಕಾಸಿದ್ಲು,
ಸಾಮಾನು ಹೊರಾಕ ಬಂದವ್ರಿಗೆ."
"ದಾವಲ್, ಅನ್ನಾ!" ನೀಲಾ ಚೀರಿದ್ಲು.
ಅಂವ ಜಿಗದ. ಆ ದಂಡಿಗೆ ಕಾಲು ಹತ್ತಿತು.
ಅನ್ನಾ ತಂದ.

ಎರಡು ಚಿಕ್ಕಿ. ಮೂರಕ್ಕ ಒಂದು ತಾಟು ಕಡಿಮಿ.
ಒಬ್ಬರಿಗೊಬ್ಬರು ಬೈದು ಗಂಟಲಾ ಕುಂತಿತ್ತು,
ತಳದಾಗಿಂದ ಅವ್ವನ ದನಿ:
"ಅಲ್ಲೆ ಉಂಡವ್ರು ಎಷ್ಟು ಮಂದಿ?"
ಯಾರೂ ಇಲ್ಲಬೇ.
"ಇಲ್ಲೆ ಉಂಡವ್ರ ತಾಟು ಅರವತ್ತು ಬಿದ್ದಾವ."

ಮೂರೂ ಮಂದಿ ಗುರುಪಾದನ್ನ ನೋಡಿದ್ವಿ.
ಅಂವ ಏನೂ ಅನ್ನಲಿಲ್ಲ. ಅಂಗಿ ತೋಳ ಏರಿಸಿ
ಮೆಟ್ಟಲಾ ಇಳದ, ತಳಕ್ಕ ಹೋಗಿ
ಎಡಕ್ಕ ಹೊಳ್ಳಿದ.
"ಬಲಕ್ಕಲೇ," ಮ್ಯಾಲಿಂದ ಒದರಿದ್ವಿ, "ನಮ್ಮ ಮೋರಿ ಬಲಕ್ಕೈತಿ!"